ದೇವಿಮನೆ ಘಟ್ಟ ಹತ್ತಿಸಿ ಹಳೆ ಹೈಬ್ರಿಡ್‌ನ ಬ್ಯಾಟರಿ ಪರೀಕ್ಷೆ

ಕಾರು 2013ರ ಮಾಡೆಲ್, ಪೆಟ್ರೋಲ್ ಹೈಬ್ರಿಡ್ ಸೆಡಾನ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಕಾರು. ನಮ್ಮ ಮಾವನದು. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇರುವ ಯಾವ ಹೈಬ್ರಿಡ್‌ಗೂ ವಯಸ್ಸಾದಾಗ ಬರುವ ಕಾಯಿಲೆ ಹೆಚ್ಚುಕಮ್ಮಿ ಇದೇ. ಮನೆ ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವುದು ಅಲ್ಲೇ ಹತ್ತಿರ. ಕಾರು ನಿಲ್ಲುವುದು ತಗಡಿನ ಮಾಡಿನ ಕೆಳಗೆ, ಸುತ್ತ ಗೋಡೆಯಿಲ್ಲ. ವರ್ಷವಿಡೀ ಉಪ್ಪುಗಾಳಿ, ಜೂನ್ ಬಂದರೆ ಅದರ ಮೇಲೆ ಮಳೆ.

ತೊಂದರೆ ಒಂದೇ ದಿನ ಬಂದದ್ದಲ್ಲ. ಲೀಟರಿಗೆ 17 ಕಿಲೋಮೀಟರ್ ಕೊಡುತ್ತಿದ್ದ ಕಾರು ಮೊದಲು 15ಕ್ಕೆ ಇಳಿಯಿತು, ಆಮೇಲೆ 12ಕ್ಕೆ. ಪೇಟೆಯಲ್ಲಿ ನಿಂತಾಗ ಎಂಜಿನ್ ಆಫ್ ಆಗಬೇಕಲ್ವಾ, ಆಗುತ್ತಿರಲಿಲ್ಲ. ಹಿಂದಿನ ಸೀಟಿನ ಹತ್ತಿರ ಫ್ಯಾನ್ ಜೋರಾಗಿ ತಿರುಗುವ ಸದ್ದು. ಡ್ಯಾಶ್‌ಬೋರ್ಡಿನ ಬ್ಯಾಟರಿ ಗೆರೆಗಳು ಬೇಗ ತುಂಬುತ್ತಿದ್ದವು, ಅಷ್ಟೇ ಬೇಗ ಖಾಲಿ. ಕೊನೆಗೆ ಕೆಂಪು ತ್ರಿಕೋನ ದೀಪ ಹತ್ತಿತು. ಒಂದು ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿದರು. ಪಿ0ಎ80 ಎಂಬ ಕೋಡ್ ಬಂತು. ಇಡೀ ಬ್ಯಾಟರಿ ಬದಲಿಸಿ ಅಂದರು. ಹೇಳಿದ ಬೆಲೆ ಆ ಕಾರು ಮಾರಿದರೆ ಬರುವ ದುಡ್ಡಿಗೆ ಹತ್ತಿರ ಇತ್ತು. ಮಾವ ಗುಜರಿಗೆ ಹಾಕುವ ಮಾತಾಡಿದರು. ಬೇಡ, ಮೊದಲು ಅಳೆದು ನೋಡೋಣ ಅಂತ ನಾನು ಕಾರನ್ನು ಪರೀಕ್ಷೆಗೆ ತಗೊಂಡೆ.

ಪಿ0ಎ80 ಬಂದರೆ ಬ್ಯಾಟರಿ ಸತ್ತಿದೆ ಅಂತ ಎಲ್ಲರೂ ತಿಳಿಯುತ್ತಾರೆ. ಅದು ಹೇಳುವುದು ಅಷ್ಟು ದೊಡ್ಡ ಮಾತಲ್ಲ. ಬ್ಯಾಟರಿಯ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ವೋಲ್ಟೇಜ್ ವ್ಯತ್ಯಾಸ ಮಿತಿ ಮೀರಿದೆ ಅನ್ನುವುದನ್ನಷ್ಟೇ ಕಂಪ್ಯೂಟರ್ ಕಂಡಿದೆ. ಆ ವ್ಯತ್ಯಾಸ ಸೋತ ಸೆಲ್‌ನಿಂದ ಬರಬಹುದು. ಕಿಲುಬು ಹಿಡಿದ ತಾಮ್ರದ ಪಟ್ಟಿಯಿಂದಲೂ ಬರಬಹುದು. ಮೊದಲನೆಯದಕ್ಕೆ ದುಡ್ಡು ಬೇಕು. ಎರಡನೆಯದಕ್ಕೆ ಬ್ರಷ್ ಮತ್ತು ತಾಳ್ಮೆ ಸಾಕು. ಯಾವುದು ಅಂತ ಗೊತ್ತಾಗದೆ ಲಕ್ಷಗಟ್ಟಲೆ ಖರ್ಚು ಮಾಡಿಸುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಕಾರಿನ ಬ್ಯಾಟರಿಯಲ್ಲಿ 34 ಮಾಡ್ಯೂಲ್ ಇವೆ. ಒಂದೊಂದರ ಒಳಗೆ 1.2 ವೋಲ್ಟಿನ 6 ಸೆಲ್, ಅಂದರೆ 7.2 ವೋಲ್ಟ್. ಎಲ್ಲಾ ಸರಣಿಯಲ್ಲಿ ಸೇರಿ 244.8 ವೋಲ್ಟ್. ಸಾಮರ್ಥ್ಯ 6.5 ಆಂಪಿಯರ್ ಅವರ್, ಅಂದರೆ 6.5 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳಿದರೆ ಒಟ್ಟು 1.6 ಯೂನಿಟ್. ಕಂಪ್ಯೂಟರ್ ಎರಡೆರಡು ಮಾಡ್ಯೂಲ್‌ಗಳನ್ನು ಒಂದು ಬ್ಲಾಕ್ ಅಂತ ಲೆಕ್ಕ ಹಿಡಿದು 17 ಬ್ಲಾಕ್‌ಗಳ ವೋಲ್ಟೇಜ್ ನೋಡುತ್ತದೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಮತ್ತು ಸರಿಯಾದ ಆಪ್ ಇದ್ದರೆ ಈ 17 ಅಂಕಿಗಳು ನಮ್ಮ ಫೋನಿನಲ್ಲೂ ಕಾಣುತ್ತವೆ. ನನ್ನ ಕೆಲಸದ ಬಹುಭಾಗ ನಡೆದದ್ದು ಆ ಅಂಕಿಗಳ ಮೇಲೆಯೇ.

ದೊಡ್ಡ ಬ್ಯಾಟರಿಗೆ ಕೈ ಹಾಕುವ ಮೊದಲು ಸಣ್ಣ ಪುಟ್ಟದ್ದೆಲ್ಲ ನೋಡಿದೆ. ಡಿಕ್ಕಿಯಲ್ಲಿರುವ 12 ವೋಲ್ಟ್ ಬ್ಯಾಟರಿ ರಾತ್ರಿ ಬಿಟ್ಟು ಬೆಳಿಗ್ಗೆ 12.5 ತೋರಿಸಿತು, ಪರವಾಗಿಲ್ಲ. ಏರ್ ಫಿಲ್ಟರ್ ಕೊಳೆಯಾಗಿತ್ತು, ಬದಲಿಸಿದೆ. ಟಯರ್ ಗಾಳಿ ಸರಿ ಮಾಡಿದೆ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದಂತೆ ಬದಲಿಸುವ ಇನ್ವರ್ಟರ್‌ಗೆ ಬೇರೆಯೇ ಕೂಲಂಟ್ ಡಬ್ಬ ಇರುತ್ತದೆ. ಕಾರು ರೆಡಿ ಸ್ಥಿತಿಯಲ್ಲಿದ್ದಾಗ ಅದರೊಳಗೆ ನೀರು ಅಲುಗಾಡಿದರೆ ಪಂಪ್ ಓಡುತ್ತಿದೆ ಅಂತ ಅರ್ಥ. ಓಡುತ್ತಿತ್ತು.

ಎಂಜಿನ್ನಿನ ಫ್ಯುಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಇಂಧನವನ್ನು ಹೆಚ್ಚುಕಮ್ಮಿ ಮಾಡಿಕೊಳ್ಳುವ ಪ್ರಮಾಣ, 6 ಶೇಕಡಾ ಹೆಚ್ಚಿನ ಕಡೆಗಿತ್ತು. ಅದು ನನಗೆ ಚಿಂತೆ ತರಲಿಲ್ಲ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಸೇರಿದ ಪೆಟ್ರೋಲ್. ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಎಂಜಿನ್ ಸ್ವಲ್ಪ ಜಾಸ್ತಿ ಇಂಧನ ಕೇಳುತ್ತದೆ, ಮೈಲೇಜ್ ಒಂದಿಷ್ಟು ಇಳಿಯುತ್ತದೆ. ಆದರೆ 17ರಿಂದ 12ಕ್ಕೆ ಬೀಳಲು ಅದೊಂದೇ ಕಾರಣ ಆಗಲಾರದು.

ಮುಂದಿನದು ಬ್ರೇಕ್. ಕರಾವಳಿಯ ಹೈಬ್ರಿಡ್ ಮಾಲೀಕರು ಇದನ್ನು ತಪ್ಪದೆ ನೋಡಿಸಬೇಕು. ಹೈಬ್ರಿಡ್‌ನಲ್ಲಿ ವೇಗ ಇಳಿಸುವ ಕೆಲಸ ಬಹುಪಾಲು ಮೋಟಾರ್ ಮಾಡುತ್ತದೆ, ಆ ಶಕ್ತಿಯಿಂದ ಬ್ಯಾಟರಿ ತುಂಬಿಸುತ್ತದೆ. ಬ್ರೇಕ್ ಪ್ಯಾಡ್‌ಗೆ ಕೆಲಸ ಕಡಿಮೆ. ಅದು ಒಳ್ಳೆಯದೇ. ಆದರೆ ಉಪ್ಪುಗಾಳಿಯಲ್ಲಿ ಕೆಲಸವಿಲ್ಲದೆ ಕೂತರೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಬಿಗಿಯುತ್ತದೆ. ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ. ಅಂಕೋಲಾ ದಾಟಿ ಕುಮಟಾ ಕಡೆ ಹೋಗುವ ಹೆದ್ದಾರಿಯಲ್ಲಿ, ಸಮತಟ್ಟಾದ ಜಾಗದಲ್ಲಿ, ಬ್ರೇಕ್ ಹೆಚ್ಚು ಒತ್ತದೆ ಓಡಿಸಿ ನಿಲ್ಲಿಸಿದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಮೂರು ಚಕ್ರದ ಡಿಸ್ಕ್ 45 ಡಿಗ್ರಿ ಆಸುಪಾಸು, ಹಿಂದಿನ ಬಲಚಕ್ರದ್ದು 90 ದಾಟಿತ್ತು. ಪಿನ್ ಬಿಡಿಸಲು ಸಾಕಷ್ಟು ಹೊತ್ತು ಹಿಡಿಯಿತು. ತಂತಿ ಬ್ರಷ್ ಹಾಕಿ ಉಜ್ಜಿ, ಬ್ರೇಕಿನ ಸಿಲಿಕಾನ್ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬೂಟ್ ಬದಲಿಸಿದೆ. ಇಷ್ಟಕ್ಕೇ ಮೈಲೇಜ್ 12ರಿಂದ 13.5ಕ್ಕೆ ಏರಿತು. ಬ್ಯಾಟರಿ ಮುಟ್ಟುವ ಮೊದಲೇ.

ಆಮೇಲೆ ಬ್ಯಾಟರಿಯ ಫ್ಯಾನ್. ಇದು ಕಾರಿನ ಒಳಗಿನ ಗಾಳಿಯನ್ನೇ ಎಳೆದು ಬ್ಯಾಟರಿ ತಂಪು ಮಾಡುತ್ತದೆ. ಗಾಳಿ ಹೋಗುವ ಜಾಲರಿಯ ಮೇಲೆ ಮಾವ ಕೊಡೆ, ಚೀಲ, ಟವೆಲ್ ಇಡುವ ರೂಢಿ. ಫ್ಯಾನ್ ಬಿಚ್ಚಿದೆ. ರೆಕ್ಕೆಗಳ ನಡುವೆ ಸೀಟ್ ಕವರಿನ ನೂಲು, ಧೂಳು, ಅದರ ಮೇಲೆ ಮಳೆಗಾಲದ ಬೂಷ್ಟು ಸೇರಿ ಗಟ್ಟಿ ಪದರ ಆಗಿತ್ತು. ಫ್ಯಾನ್ ತಿರುಗುತ್ತಿತ್ತು, ಸದ್ದೂ ಮಾಡುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ತೊಳೆದು ಒಣಗಿಸಿ ಹಾಕಿದ ಮೇಲೆ ಅದೇ ದಾರಿಯಲ್ಲಿ ಬ್ಯಾಟರಿಯ ಬಿಸಿ 48 ಡಿಗ್ರಿಯಿಂದ 40ಕ್ಕೆ ಇಳಿಯಿತು. ಈ ಜಾತಿಯ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು. ಸಾಲಿನ ನಡುವಿನ ಮಾಡ್ಯೂಲ್‌ಗಳು ಹೆಚ್ಚು ಬಿಸಿಯಾಗುತ್ತವೆ, ಸಾಮಾನ್ಯವಾಗಿ ಮೊದಲು ಸೋಲುವುದೂ ಅವೇ.

ಈಗ ನಿಜವಾದ ಪರೀಕ್ಷೆಗೆ ಬರೋಣ. ನಿಂತ ಕಾರಿನಲ್ಲಿ ಬ್ಲಾಕ್ ವೋಲ್ಟೇಜ್ ನೋಡಿದರೆ ಏನೂ ತಿಳಿಯುವುದಿಲ್ಲ. 17 ಬ್ಲಾಕ್‌ಗಳೂ 15.7, 15.8 ಅಂತ ಚಂದವಾಗಿಯೇ ತೋರಿಸಿದವು. ಭಾರ ಬಿದ್ದಾಗಲೇ ಬಣ್ಣ ಬಯಲಾಗುವುದು. ದೊಡ್ಡ ವರ್ಕ್‌ಶಾಪ್‌ಗಳಲ್ಲಿ ಅದಕ್ಕೆ ಯಂತ್ರ ಇರುತ್ತದೆ. ನಮಗೆ ಘಟ್ಟ ಇದೆ. ಕುಮಟಾ ಕಡೆಯಿಂದ ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟ ಶುರು. ಮೇಲೆ ಶಿರಸಿ, ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಹತ್ತುವಾಗ ಬ್ಯಾಟರಿ ಕೊಡಬೇಕು, ಇಳಿಯುವಾಗ ತಗೊಳ್ಳಬೇಕು. ಎರಡೂ ಪರೀಕ್ಷೆ ಒಂದೇ ರಸ್ತೆಯಲ್ಲಿ ಆಗುತ್ತದೆ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಫೋನ್ ಹಿಡಿದು ದಾಖಲಿಸಬೇಕು. ಆ ತಿರುವುಗಳಲ್ಲಿ ಇವೆರಡನ್ನೂ ಒಬ್ಬರೇ ಮಾಡಲು ಹೋಗಬೇಡಿ. ನನ್ನ ಜೊತೆ ಶಿರಸಿಯ ಗೆಳೆಯ ಇದ್ದ. ಎಲೆಕ್ಟ್ರಾನಿಕ್ಸ್ ರಿಪೇರಿ ಅವನ ಉದ್ಯೋಗ.

ಹತ್ತುವಾಗ, ಬ್ಯಾಟರಿ ಸುಮಾರು 55 ಆಂಪಿಯರ್ ಕೊಡುವ ಹೊತ್ತಿಗೆ, ಹೆಚ್ಚಿನ ಬ್ಲಾಕ್‌ಗಳು 14.5 ವೋಲ್ಟಿಗೆ ಇಳಿದವು. ಅದು ಸಹಜ. 5ನೇ ಬ್ಲಾಕ್ ಮಾತ್ರ 13.4ಕ್ಕೆ ಕುಸಿಯಿತು. ಆಕ್ಸಿಲರೇಟರ್ ಒತ್ತಿದ ಕ್ಷಣವೇ ಕುಸಿತ, ಬಿಟ್ಟ ಕ್ಷಣವೇ ವಾಪಸ್ 15.7. 9ನೇ ಬ್ಲಾಕಿನ ನಡತೆ ಬೇರೆ. ಘಟ್ಟದ ಆರಂಭದಲ್ಲಿ ಉಳಿದವರ ಜೊತೆಗೇ ಇತ್ತು. ಅರ್ಧ ದಾರಿಯಲ್ಲಿ ನಿಧಾನವಾಗಿ ಹಿಂದೆ ಬಿತ್ತು. ಆಮೇಲೆ ಧೊಪ್ಪನೆ 12.6ಕ್ಕೆ ಬಂತು. ಭಾರ ತೆಗೆದ ಮೇಲೂ 15ಕ್ಕೆ ಮುಟ್ಟಲು ಒದ್ದಾಡಿತು.

ಈ ಎರಡು ನಡತೆಗಳ ವ್ಯತ್ಯಾಸವೇ ಇಡೀ ಕೆಲಸದ ಕೀಲಿ. ಕರೆಂಟ್ ಹರಿದ ತಕ್ಷಣ ಬಿದ್ದು ನಿಂತ ತಕ್ಷಣ ಏಳುವ ವೋಲ್ಟೇಜ್ ಅಂದರೆ ಅಲ್ಲಿ ಎಲ್ಲೋ ರೆಸಿಸ್ಟೆನ್ಸ್ ಜಾಸ್ತಿಯಾಗಿದೆ. ಜಾಯಿಂಟ್, ಪಟ್ಟಿ, ನಟ್ಟು ನೋಡಬೇಕು. ಮೊದಲು ಸರಿಯಿದ್ದು ಹೊತ್ತು ಕಳೆದಂತೆ ಸೋಲುವ ವೋಲ್ಟೇಜ್ ಅಂದರೆ ಸೆಲ್‌ನಲ್ಲಿ ಸರಕೇ ಉಳಿದಿಲ್ಲ. ಕೋಡ್ ಎರಡಕ್ಕೂ ಒಂದೇ, ಪಿ0ಎ80. ಔಷಧಿ ಮಾತ್ರ ಬೇರೆ ಬೇರೆ.

ಇಳಿಯುವಾಗ ಒಂದು ಲೆಕ್ಕ ತಲೆಯಲ್ಲಿರಲಿ. ಜನ ಸೇರಿ 1,700 ಕಿಲೋ ತೂಗುವ ಕಾರು 400 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1.8 ಯೂನಿಟ್. ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 1.6. ಅದರಲ್ಲೂ ಆಯುಷ್ಯ ಉಳಿಸಲು ಕಂಪ್ಯೂಟರ್ ಬಳಸುವುದು 40ರಿಂದ 80 ಶೇಕಡಾ ನಡುವಿನ ಪಾಲು, ಅಂದರೆ 0.6 ಯೂನಿಟ್ ಚಿಲ್ಲರೆ. ಹಾಗಾಗಿ ಹೊಚ್ಚ ಹೊಸ ಬ್ಯಾಟರಿಯೂ ಘಟ್ಟದ ಮಧ್ಯದಲ್ಲಿ ತುಂಬಿಬಿಡುತ್ತದೆ. ತುಂಬಿದ ಮೇಲೆ ಕಂಪ್ಯೂಟರ್ ಪೆಟ್ರೋಲ್ ಕೊಡದೆ ಎಂಜಿನ್ ತಿರುಗಿಸಿ ಉಳಿದ ಶಕ್ತಿ ಕಳೆಯುತ್ತದೆ. ಎಂಜಿನ್ ಜೋರಾಗಿ ಕೂಗುತ್ತದೆ. ಅದು ದೋಷವಲ್ಲ. ತುಂಬಾ ಜನ ಆ ಸದ್ದಿಗೇ ಹೆದರಿ ಗ್ಯಾರೇಜಿಗೆ ಓಡುತ್ತಾರೆ. ನೋಡಬೇಕಾದ್ದು ಎಷ್ಟು ಬೇಗ ತುಂಬಿತು ಅನ್ನುವುದು. ಮಾವನ ಕಾರಿನಲ್ಲಿ ಗೇಜ್ 50ರಿಂದ 75 ಶೇಕಡಾ ಏರುವಷ್ಟರಲ್ಲಿ ಒಳಗೆ ಹೋದದ್ದು 0.7 ಆಂಪಿಯರ್ ಅವರ್ ಮಾತ್ರ. 6.5ರ ಕಾಲು ಭಾಗ ಅಂದರೆ 1.6 ಹೋಗಬೇಕಿತ್ತು. ಅತೀ ಸೋತ ಬ್ಲಾಕ್ ತುಂಬಿದ ಕೂಡಲೇ ಇಡೀ ಬ್ಯಾಟರಿ ತುಂಬಿತು ಅಂತ ಕಂಪ್ಯೂಟರ್ ಕೈ ಎತ್ತುತ್ತದೆ. ಖಾಲಿಯಾಗುವಾಗಲೂ ಅದೇ ಕತೆ. ಎಂಜಿನ್ ಸುಮ್ನೆ ಓಡುತ್ತಲೇ ಇರಲು, ಮೈಲೇಜ್ ಬೀಳಲು ಇದೇ ಕಾರಣ.

ಬ್ಯಾಟರಿ ಬಿಚ್ಚಿದ್ದು ಶಿರಸಿಯಲ್ಲಿ, ಗೆಳೆಯನ ಮನೆಯ ಅಡಿಕೆ ಅಂಗಳದ ಪಕ್ಕದ ಕೊಠಡಿಯಲ್ಲಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. 245 ವೋಲ್ಟ್ ಡಿಸಿ ಜೀವ ತೆಗೆಯುತ್ತದೆ. ಇನ್ವರ್ಟರ್ ಒಳಗೆ ವೋಲ್ಟೇಜ್ ಇದಕ್ಕಿಂತಲೂ ಎಷ್ಟೋ ಮೇಲಕ್ಕೆ ಹೋಗುತ್ತದೆ. ಕೀ ದೂರ ಇಟ್ಟು, 12 ವೋಲ್ಟಿನ ನೆಗೆಟಿವ್ ತೆಗೆದು, 1,000 ವೋಲ್ಟ್ ತಡೆಯುವ ರಬ್ಬರ್ ಕೈಗವಸಿನ ಮೇಲೆ ಚರ್ಮದ ಗವಸು ಹಾಕಿ, ಆಮೇಲೆ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ತೆಗೆಯಬೇಕು. ಇನ್ವರ್ಟರ್ ಒಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಖಾಲಿಯಾಗಲು ಕನಿಷ್ಠ 10 ನಿಮಿಷ ಬಿಡಬೇಕು. ಮೀಟರ್ ಹಿಡಿದು ಸೊನ್ನೆ ಅಂತ ನೋಡಿದ ಮೇಲೇ ಕೈ ಹಾಕಬೇಕು. ಪ್ಲಗ್ ತೆಗೆದರೆ ಸಾಲು ಎರಡು ತುಂಡಾಗುತ್ತದೆ ಅಷ್ಟೇ. ಒಂದೊಂದು ತುಂಡಿನಲ್ಲಿ 100 ವೋಲ್ಟಿಗಿಂತ ಜಾಸ್ತಿ ಹಾಗೇ ಉಳಿದಿರುತ್ತದೆ. ಉಂಗುರ, ವಾಚು, ಕೊರಳಿನ ಸರ ಮೊದಲೇ ತೆಗೆದಿಡಿ. ಈ ಸಾಮಾನು, ಈ ಅಭ್ಯಾಸ ಇಲ್ಲದವರು ಘಟ್ಟದ ಪರೀಕ್ಷೆಯವರೆಗೆ ಮಾಡಿ, ಆ ಅಂಕಿ ಹಿಡಿದುಕೊಂಡು ಬಲ್ಲವರ ಹತ್ತಿರ ಹೋಗಿ. ಅಂಕಿ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಮುಚ್ಚಳ ತೆಗೆದಾಗ ಕಂಡದ್ದು ಹಸಿರು. ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳ ಮೇಲೆ ಕಿಲುಬು. ಒಂದು ಕಡೆಯ ಸಾಲಿನಲ್ಲಿ ಸ್ವಲ್ಪ, ಗಾಳಿ ಒಳಬರುವ ಕಡೆ ಜಾಸ್ತಿ. ಸಮುದ್ರದ ಗಾಳಿಯನ್ನೇ ಫ್ಯಾನ್ ಇಷ್ಟು ವರ್ಷ ಒಳಗೆ ಊದುತ್ತಿತ್ತಲ್ವಾ. 5ನೇ ಬ್ಲಾಕಿನ ಒಂದು ನಟ್ಟಿನ ಸುತ್ತ ಪ್ಲಾಸ್ಟಿಕ್ ಬಣ್ಣ ಕಪ್ಪಾಗಿತ್ತು. ಆ ಜಾಯಿಂಟಿನಲ್ಲಿ 4 ಆಂಪಿಯರ್ ಹರಿಸಿ ಎರಡು ಬದಿಯ ವೋಲ್ಟೇಜ್ ಅಳೆದೆವು. 80 ಮಿಲಿವೋಲ್ಟ್ ಬಂತು. ಪಕ್ಕದ ಒಳ್ಳೆಯ ಜಾಯಿಂಟಿನಲ್ಲಿ 2 ಸಹ ಇರಲಿಲ್ಲ. 80ನ್ನು 4ರಿಂದ ಭಾಗಿಸಿದರೆ 20 ಮಿಲಿಓಮ್. ಘಟ್ಟದಲ್ಲಿ 55 ಆಂಪಿಯರಿಗೆ ಇದೇ 1.1 ವೋಲ್ಟ್ ಆಗುತ್ತದೆ. 14.5ಕ್ಕೂ 13.4ಕ್ಕೂ ಇದ್ದ ಅಂತರ ಅಷ್ಟೇ ತಾನೇ! ಲೆಕ್ಕ ಹೀಗೆ ಕೂಡಿ ಬಂದಾಗ ಆಗುವ ಸಂತೋಷವೇ ಬೇರೆ. ಆ ಒಂದು ನಟ್ಟಿನ ಕೆಳಗೆ 60 ವ್ಯಾಟ್ ಶಾಖ ಹುಟ್ಟುತ್ತಿತ್ತು. ಪ್ಲಾಸ್ಟಿಕ್ ಕಪ್ಪಾದದ್ದು ಅದಕ್ಕೇ. 5ನೇ ಬ್ಲಾಕಿನ ಮಾಡ್ಯೂಲ್‌ಗಳಲ್ಲಿ ದೋಷ ಇರಲೇ ಇಲ್ಲ.

ಪಟ್ಟಿಗಳನ್ನು ಬಿಳಿ ವಿನೆಗರ್ ಮತ್ತು ಉಪ್ಪಿನಲ್ಲಿ ನೆನೆಸಿದರೆ ಹುಣಸೆಹುಳಿ ಹಚ್ಚಿದ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತವೆ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಬೇಕು. ಆದರೆ ಬರಿ ತಾಮ್ರ ಕಾರವಾರದ ಗಾಳಿಗೆ ಮತ್ತೆ ಹಸಿರಾಗುವುದು ಖಂಡಿತ. ಅದಕ್ಕೇ ಪರೀಕ್ಷೆ ಮುಗಿಯುವವರೆಗೆ ಮಾತ್ರ ಇವನ್ನು ಬಳಸಿ, ಕೊನೆಗೆ ನಿಕಲ್ ಲೇಪನದ ಹೊಸ ಪಟ್ಟಿಗಳನ್ನೇ ತರಿಸಿ ಹಾಕಿದೆವು. ಕರಾವಳಿಯ ಕಾರಿಗೆ ಈ ಖರ್ಚು ಬೇಕೇ ಬೇಕು. ವೋಲ್ಟೇಜ್ ಅಳೆಯುವ ಸಣ್ಣ ವೈರುಗಳ ಉಂಗುರಗಳೂ ಅದೇ ನಟ್ಟಿನ ಕೆಳಗೆ ಕೂರುತ್ತವೆ. ಅವನ್ನೂ ಒಂದೊಂದಾಗಿ ಉಜ್ಜಿ, ವೈರ್ ತುಂಡಾಗಿಲ್ಲ ಅಂತ ನೋಡಿಕೊಂಡೆವು.

9ನೇ ಬ್ಲಾಕ್ ಅಂದರೆ 17 ಮತ್ತು 18ನೇ ಮಾಡ್ಯೂಲ್, ಸರಿಯಾಗಿ ಸಾಲಿನ ನಡುವೆ. ಪ್ರತಿ ಮಾಡ್ಯೂಲಿಗೂ ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ಎರಡನ್ನು ಜೋಡಿಸಿ ಎರಡು ನಿಮಿಷ ಉರಿಸಿದೆವು. ಒಳ್ಳೆಯವು 7.9ರಿಂದ 7.5ಕ್ಕೆ ಇಳಿದು ಅಲ್ಲೇ ನಿಂತವು. 18ನೆಯದು ನಿಮಿಷದೊಳಗೆ 6.3. ಉಳಿದವಕ್ಕಿಂತ ಒಂದು ಸೆಲ್‌ನಷ್ಟು, ಅಂದರೆ 1.2 ವೋಲ್ಟ್ ಕಡಿಮೆ. ಒಳಗಿನ ಆರರಲ್ಲಿ ಒಂದು ಸೆಲ್ ಹೋಗಿದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಬ್ಯಾಟರಿ ಬಿಚ್ಚಿದ್ದಾಗಿದೆ, ಎಲ್ಲಾ ಮಾಡ್ಯೂಲ್‌ಗಳ ಸಾಮರ್ಥ್ಯವನ್ನೂ ಅಳೆದೇಬಿಡೋಣ ಅಂತ ಗೆಳೆಯ ಹೇಳಿದ. ಆಟಿಕೆ ವಿಮಾನದವರು ಬಳಸುವ ಚಾರ್ಜರ್ ಅವನ ಹತ್ತಿರ ಇತ್ತು. 6 ವೋಲ್ಟ್ ಬರುವವರೆಗೆ ಖಾಲಿ ಮಾಡುವುದು, ಪೂರ್ತಿ ತುಂಬಿಸುವುದು, ಮತ್ತೆ ಖಾಲಿ ಮಾಡಿ ಎಷ್ಟು ಹೊರಬಂತು ಅಂತ ಬರೆದಿಡುವುದು. ಮಾಡ್ಯೂಲ್‌ಗಳನ್ನು ಎರಡು ತಟ್ಟೆಗಳ ನಡುವೆ ಬಿಗಿದೇ ಚಾರ್ಜ್ ಮಾಡಬೇಕು. ಬಿಡಿಯಾಗಿ ಇಟ್ಟರೆ ಉಬ್ಬಿ ಹಾಳಾಗುತ್ತವೆ. ನಿಧಾನದ ಕೆಲಸ ಇದು, ಬೇಸರವೂ ಬರುತ್ತದೆ. ಆದರೆ ಬ್ಯಾಟರಿಯ ನಿಜಸ್ಥಿತಿ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೆಚ್ಚಿನವು 4.2ರಿಂದ 4.8 ಆಂಪಿಯರ್ ಅವರ್ ಕೊಟ್ಟವು. ಹೊಸದರಲ್ಲಿ 6.5 ಇದ್ದದ್ದು ಇಷ್ಟು ವರ್ಷಕ್ಕೆ ಇಷ್ಟು ಉಳಿದಿದ್ದರೆ ಪರವಾಗಿಲ್ಲ. 18ನೆಯದು 1.6. ಅದರ ಪಕ್ಕದ 17ನೆಯದು 3.6.

ಎರಡನ್ನೂ ತೆಗೆದೆವು. ಅಪಘಾತವಾದ ಕಾರಿನಿಂದ ಬಿಚ್ಚಿದ ಹಳೆ ಮಾಡ್ಯೂಲ್ ಕೆಲವನ್ನು ತರಿಸಿ, ಅದೇ ರೀತಿ ಅಳೆದು, 4.5ರ ಆಸುಪಾಸು ಕೊಟ್ಟ ಎರಡನ್ನು ಆರಿಸಿಕೊಂಡೆವು. ಹೊಸದೇ ಹಾಕಬಹುದಲ್ಲ ಅಂತ ಮಾವ ಕೇಳಿದರು. ಸರಣಿಯಲ್ಲಿ ಇಡೀ ಸಾಲಿನ ಬಲ ಅದರ ಅತೀ ಸೋತ ಮಾಡ್ಯೂಲಿನಷ್ಟೇ. 4.5ರ ಸಾಲಿನಲ್ಲಿ 6.5ರ ಎರಡು ಕೂತರೆ ಆ ಹೆಚ್ಚಿನ 2 ಯಾವತ್ತೂ ಕೆಲಸಕ್ಕೆ ಬರುವುದಿಲ್ಲ. ದುಡ್ಡು ದಂಡ. ಉಳಿದವಕ್ಕೆ ಹೊಂದುವಂಥದ್ದು ಸಿಕ್ಕರೆ ಸಾಕು.

ಜೋಡಿಸುವಾಗ ಎರಡು ಎಚ್ಚರ. ಮಾಡ್ಯೂಲ್‌ಗಳು ಒಂದು ಬಿಟ್ಟು ಒಂದು ತಿರುಗಿ ಕೂರುತ್ತವೆ, ಪ್ಲಸ್ಸಿನ ಪಕ್ಕ ಮೈನಸ್. ಪಟ್ಟಿ ಹಾಕುವ ಮೊದಲು ಪ್ರತಿಯೊಂದನ್ನೂ ಮೀಟರ್ ಹಿಡಿದೇ ನೋಡಬೇಕು. ಇನ್ನೊಂದು, ನಟ್ಟು ಬಿಗಿಯುವುದು. 5 ನ್ಯೂಟನ್ ಮೀಟರ್ ಆಸುಪಾಸು ಸಾಕು, ಸರಿಯಾದ ಅಂಕಿ ನಿಮ್ಮ ಕಾರಿನ ಮ್ಯಾನುವಲ್‌ನಲ್ಲಿರುತ್ತದೆ. ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದರೆ ಪ್ಲಾಸ್ಟಿಕ್‌ನಲ್ಲಿ ಕೂತ ಬೋಲ್ಟ್ ತಿರುಗಿ ಒಂದು ಒಳ್ಳೆಯ ಮಾಡ್ಯೂಲೇ ಹೋಗುತ್ತದೆ. ಸಡಿಲ ಬಿಟ್ಟರೆ ಮತ್ತೆ ಅದೇ ಶಾಖ.

ಕೋಡ್ ಅಳಿಸಿ ಮತ್ತೆ ದೇವಿಮನೆಗೆ ಹೋದೆವು. ಹತ್ತುವಾಗ 17 ಬ್ಲಾಕ್‌ಗಳ ನಡುವಿನ ಅಂತರ 0.4 ವೋಲ್ಟ್ ದಾಟಲಿಲ್ಲ. ಇಳಿಯುವಾಗ ಗೇಜ್ 50ರಿಂದ 75ಕ್ಕೆ ಏರಲು 1.1 ಆಂಪಿಯರ್ ಅವರ್ ತಗೊಂಡಿತು. 4.5ರ ಬ್ಯಾಟರಿಗೆ ಅದು ಸರಿಯಾದ ಲೆಕ್ಕ. ಕಾರವಾರ ಪೇಟೆಯಲ್ಲಿ ಎಂಜಿನ್ ಈಗ ನಿಂತಾಗ ನಿಲ್ಲುತ್ತದೆ. ಮೈಲೇಜ್ 16. ಹಿಂದಿನ 17ಕ್ಕೂ ಇದಕ್ಕೂ ಇರುವ ಅಂತರವನ್ನು ನಾನು ಬಹುಪಾಲು ಪೆಟ್ರೋಲಿನ ಲೆಕ್ಕಕ್ಕೇ ಬರೆಯುತ್ತೇನೆ.

ಖರ್ಚು ಆದದ್ದು ನಿಕಲ್ ಪಟ್ಟಿಗಳು, ಹಳೆ ಮಾಡ್ಯೂಲ್‌ಗಳು, ಬ್ರೇಕಿನ ರಬ್ಬರ್, ಏರ್ ಫಿಲ್ಟರ್ ಇಷ್ಟಕ್ಕೆ. ಗ್ಯಾರೇಜಿನವರು ಹೇಳಿದ ಮೊತ್ತದ ಪಕ್ಕ ಇಟ್ಟು ನೋಡಿದರೆ ಇದು ಏನೇನೂ ಅಲ್ಲ. ಆದರೆ ಬ್ಯಾಟರಿ ಹೊಸದಾಗಿಲ್ಲ ಅಂತ ಮಾವನಿಗೆ ಸ್ಪಷ್ಟವಾಗಿ ಹೇಳಿದ್ದೇನೆ. 8 ಮತ್ತು 10ನೇ ಬ್ಲಾಕ್‌ಗಳು ಅಳತೆಯಲ್ಲಿ ಎಲ್ಲರಿಗಿಂತ ಕೆಳಗಿವೆ, 4.2ರ ಹತ್ತಿರ. ಮುಂದೆ ಸೋತರೆ ಅವೇ ಸೋಲುತ್ತವೆ. ಆರಿಸಿ ಉಳಿದ ಹಳೆ ಮಾಡ್ಯೂಲ್‌ಗಳನ್ನು ಅದಕ್ಕೇ ಶಿರಸಿಯಲ್ಲಿ ಚಾರ್ಜ್ ಮಾಡಿ ಇಟ್ಟಿದ್ದೇವೆ. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಂತರೆ ಒಂದೊಂದು ಸೆಲ್ ಒಂದೊಂದು ವೇಗದಲ್ಲಿ ತಾನಾಗಿಯೇ ಖಾಲಿಯಾಗುತ್ತದೆ, ಅಂತರ ಮತ್ತೆ ಬೆಳೆಯುತ್ತದೆ. ವಾರಕ್ಕೊಮ್ಮೆಯಾದರೂ ಅಂಕೋಲಾವರೆಗೆ ಓಡಿಸಿ ಬನ್ನಿ, ಗಾಳಿಯ ಜಾಲರಿ ಮೇಲೆ ಕೊಡೆ ಇಡಬೇಡಿ, ಆರು ತಿಂಗಳಿಗೊಮ್ಮೆ ಫ್ಯಾನ್ ಮತ್ತು ಕ್ಯಾಲಿಪರ್ ಪಿನ್ ಬಿಚ್ಚಿಸಿ ನೋಡಿ ಅಂತ ಬರೆದು ಕೊಟ್ಟಿದ್ದೇನೆ. ಒಬಿಡಿ ಅಡಾಪ್ಟರ್ ಕಾರಿನಲ್ಲೇ ಬಿಟ್ಟಿದ್ದೇನೆ, 17 ಅಂಕಿ ನೋಡುವುದನ್ನು ಅವರೂ ಕಲಿತಿದ್ದಾರೆ.